ಕೂಸಿಲ್ಲದ ಬಾಣಂತಿ

ಆಗೆಲ್ಲ ನಮ್ಮ ಸವಣೂರಿನ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂಗೇ ಹೇಳುತ್ತಿತ್ತು. ಮುಂಜಾನೆ ಕೆಂಡದ ಮೇಲೆ ಅಜವಾನ ಬಿದ್ದ ಹೊಗೆ, ಮಧ್ಯಾಹ್ನ ತುಪ್ಪದಲ್ಲಿ ಅರಳುವ ಮರದ ಅಂಟು, ಸಂಜೆ ಬೆಳ್ಳುಳ್ಳಿಯ ಒಗ್ಗರಣೆ. ನಾವು ಹುಡುಗಿಯರು ಕುಂಟಾಟ ಆಡುವುದನ್ನು ಅರ್ಧಕ್ಕೆ ಬಿಟ್ಟು, ಆ ವಾಸನೆ ಹಿಡಿದು ಹೋಗಿ, ಅಂಟಿನ ಉಂಡಿಯ ಒಂದೊಂದು ಚೂರು ಸಂಪಾದಿಸಿಕೊಂಡೇ ತಿರುಗಿ ಬರುತ್ತಿದ್ದೆವು. ನಿಮ್ಮಲ್ಲಿ ಕೆಲವರಿಗಾದರೂ ಇದನ್ನು ಓದುವಾಗಲೇ ಆ ಉಂಡಿಯ ರುಚಿ ನಾಲಿಗೆಗೆ ಬಂದಿರಬೇಕು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮೂರನೇ ಇಯತ್ತೆಯಲ್ಲಿದ್ದೆ. ದೀಪಾವಳಿ ಮುಗಿದ ಮೇಲೆ ಆ ವಾಸನೆ ನಮ್ಮ ಮನೆಯಿಂದಲೇ ಬರತೊಡಗಿತು. ಆದರೆ ನಮ್ಮ ಮನೆಯಲ್ಲಿ ಕೂಸು ಹುಟ್ಟಿರಲಿಲ್ಲ.

ನಮ್ಮದು ವೀಳ್ಯದೆಲೆಯ ತೋಟ ಮಾಡುವ ಮನೆ. ಅಪ್ಪ ಎಲೆ ಕೊಯ್ದು ಪೇಟೆಗೆ ಹಾಕುತ್ತಿದ್ದ. ಆಯಿ, ಅಂದರೆ ಅಪ್ಪನ ತಾಯಿ, ಹರಿತವಾದ ನಾಲಿಗೆಯ ಬಲದ ಮೇಲೆ ತೋಟವನ್ನೂ ಮನೆಯನ್ನೂ ಆಳುತ್ತಿದ್ದಳು. ಅವ್ವ ನಗುನಗುತ್ತ ಎಲ್ಲರ ಹೊಟ್ಟೆ ತುಂಬಿಸುತ್ತಿದ್ದಳು. ಆ ಮಳೆಗಾಲದಲ್ಲಿ ಅವ್ವನಿಗೆ ಮುಟ್ಟು ನಿಲ್ಲದೆ, ಮೈಯೊಳಗಿನ ರಕ್ತವೆಲ್ಲ ಹೋಗಿ, ಮುಖ ಸುಣ್ಣದ ಹಾಗಾಯಿತು. ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಹುಬ್ಬಳ್ಳಿಯ ದವಾಖಾನೆಯಲ್ಲಿ ಗರ್ಭಚೀಲವನ್ನೇ ತೆಗೆದರು. ಜೀವ ಉಳಿಯಿತು. ಆದರೆ ಗಡ್ಡೆ ಮೂತ್ರದ ಚೀಲಕ್ಕೂ ಅಂಟಿಕೊಂಡಿತ್ತಂತೆ. ಬಿಡಿಸಿದ ಜಾಗ ಸೋತು ಅಲ್ಲೊಂದು ತೂತು ಬಿತ್ತು. ಮನೆಗೆ ಬಂದ ಕೆಲವೇ ದಿನಗಳಲ್ಲಿ ಅವ್ವನಿಗೆ ಗೊತ್ತಾಗದಂತೆ ಮೂತ್ರ ಸೋರತೊಡಗಿತು. ಕುಂತರೂ, ನಿಂತರೂ, ಮಲಗಿದರೂ ಅದು ನಿಲ್ಲುತ್ತಿರಲಿಲ್ಲ. ತಿರುಗಿ ತೋರಿಸಲು ಹೋದಾಗ, ಒಳಗಿನ ಗಾಯ ಪೂರ್ತಿ ಮಾಯುವ ತನಕ ಮತ್ತೆ ಕೈ ಹಚ್ಚಲಿಕ್ಕಾಗದು, ಶಿವರಾತ್ರಿಯ ಸುಮಾರಿಗೆ ಕರೆದುಕೊಂಡು ಬರ್ರಿ, ತೂತು ಹೊಲಿಯೋಣ ಎಂದು ದವಾಖಾನೆಯವರು ಹೇಳಿ ಕಳಿಸಿದರು.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ಅವ್ವನೇ, ನಾನು ದೊಡ್ಡವಳಾದ ಮೇಲೆ. ಆಗ ನನಗೆ ಕಂಡದ್ದೆಂದರೆ ಅವ್ವ ಪಡಸಾಲೆಗೆ ಬರುವುದನ್ನು ಬಿಟ್ಟಳು, ಹಿಂದಿನ ಕೋಣೆ ಸೇರಿದಳು, ಯಾರಾದರೂ ಬಂದರೆ ಬಾಗಿಲು ಮುಂದೆ ಮಾಡಿಕೊಂಡಳು. ಅವ್ವನಿಗೂ ಪಕ್ಕದ ಮನೆಯ ಮಾಬೂಬಿಗೂ ಶಾವಿಗೆ ಹೊಸೆಯುವುದರಲ್ಲಿ ಭಾರೀ ಜೋಡಿ. ಬೇಸಿಗೆ ಬಂತೆಂದರೆ ಇಬ್ಬರೂ ಒಂದೇ ಮಣೆಯ ಮೇಲೆ ಕುಂತು ಓಣಿಗೆಲ್ಲ ಶಾವಿಗೆ ಮಾಡಿಕೊಡುತ್ತಿದ್ದರು. ಆ ಮಾಬೂಬಿ ಬಂದರೂ ಅವ್ವ ಬಾಗಿಲು ತೆಗೆಯಲಿಲ್ಲ. ಒಂದು ದಿನ ಆಯಿಯ ಮುಂದೆ ಅತ್ತಳು.

"ಅತ್ತೀ, ನನಗ ಬಂಗಾರ ಬ್ಯಾಡ್ರಿ, ಬೆಳ್ಳಿ ಬ್ಯಾಡ್ರಿ. ನಾಕ ಮಂದಿ ಹೆಣ್ಮಕ್ಕಳ ನಡುವ ಕುಂತು ಒಣಾ ಸೀರ್ಯಾಗ ಏಳಬೇಕು. ಅಷ್ಟಾದ್ರ ಸಾಕ್ರಿ."

ಆಯಿ ಯಾರನ್ನೂ ಸಮಾಧಾನ ಮಾಡುವ ಪೈಕಿಯವಳಲ್ಲ. ಎದ್ದು ಹೋಗಿ ಅಟ್ಟದ ಮೇಲಿದ್ದ ಬಾಣಂತಿ ಮಲಗುವ ಹೊರಸನ್ನು ಇಳಿಸಿದಳು. ಅವ್ವನ ತಲೆಗೆ ಅರಿವೆ ಕಟ್ಟಿದಳು, ಕಿವಿಗೆ ಹತ್ತಿ ಇಟ್ಟಳು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಸರಿಸಿದಳು. ಅಪ್ಪ ದಂಗಾಗಿ, "ಇದೇನಬೇ ಯವ್ವಾ?" ಎಂದ.

"ಏನಂದ್ರ? ಕೂಸು ಹಡದಾಕಿಗೆ ಬಾಣಂತನ ಮಾಡ್ತೀವಿ. ಈಕಿ ಕೂಸಿನ ಮನೀನ ಕೊಟ್ಟು ಬಂದಾಳ. ಈಕಿ ಬಾಣಂತಿ ಅಲ್ಲದ ಮತ್ತ್ಯಾರು?"

ಅಪ್ಪ ಅಂಟು ತರಲು ಪೇಟೆಗೆ ಹೋದ. ಮರುದಿನದಿಂದ ನಮ್ಮ ಮನೆಯಲ್ಲಿ ಅಂಟಿನ ಉಂಡಿ, ಅಳ್ವಿಯ ಪಾಯಸ, ಬೆಳ್ಳುಳ್ಳಿ ಸಾರು. ನನಗಂತೂ ಹಬ್ಬ. ತಾಯಿ ಕಷ್ಟದಲ್ಲಿರುವಾಗ ಮಗಳು ಉಂಡಿ ತಿಂದು ಕುಣಿದಳೇ ಎಂದು ನೀವು ಕೇಳಬಹುದು. ಕುಣಿದೆ. ಅವ್ವನೇ ತನ್ನ ಪಾಲಿನದನ್ನು ಮುರಿದು ನನ್ನ ಬಾಯಿಗಿಡುತ್ತಿದ್ದಳು.

ಅವ್ವನ ಕೆಳಗೆ ಹಾಸುವ ಅರಿವೆಗಳನ್ನು ಆಯಿ ಬೇವಿನ ಎಲೆ ಹಾಕಿ ಕುದಿಸಿದ ನೀರಿನಲ್ಲಿ ಒಗೆದು, ಹಿತ್ತಲಲ್ಲಿ ಬಚ್ಚಿಡದೆ, ಅಂಗಳದ ಹಗ್ಗದ ಮೇಲೆ ಸಾಲಾಗಿ ಹರವುತ್ತಿದ್ದಳು. ಓಣಿಯ ಹಿರಿಯಳು ಗೌರಕ್ಕ, ಎಲ್ಲರ ಮನೆಯ ಉಸಾಬರಿಯೂ ತನ್ನದೇ ಎಂದುಕೊಂಡವಳು, ಅದನ್ನು ಕಂಡು ನಿಂತಳು.

"ಏನಬೇ, ನನಗ ಸುದ್ದೀನ ಇಲ್ಲ. ಗಂಡೋ, ಹೆಣ್ಣೋ?"

"ಬಾಣಂತಿ ಅದಾಳ, ಕೂಸಿಲ್ಲ. ಉಂಡಿ ತಿಂತೀ ಏನು, ಬಾ," ಎಂದಳು ಆಯಿ.

ಗೌರಕ್ಕ ಉಂಡಿ ತಿಂದಳು. ತಿಂದು ಹೋಗಿ ಊರಿಗೆಲ್ಲ ಸಾರಿದಳು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಮಾಬೂಬಿ ತನ್ನ ಗಂಡನ ಹಳೆಯ ಲುಂಗಿಗಳ ಗಂಟು ತಂದು, ಮುಚ್ಚಿದ ಬಾಗಿಲಿನ ಹೊರಗೆ ನಿಂತೇ ಮಾತಾಡಿಸಿದಳು. "ನೀಲಾ, ಇವು ಭಾಳ ಮೆತ್ತಗ ಅದಾವ. ತಗೋ. ಬಾಣಂತಿ ಮನಿಗೆ ಬರಿಗೈಲೆ ಬರಬಾರದಲ್ಲ." ಒಳಗಿನಿಂದ ಬಹಳ ದಿನಗಳ ಮೇಲೆ ಅವ್ವನ ನಗು ಕೇಳಿತು. ಬಾಗಿಲೂ ತೆರೆಯಿತು. ಅರಿವೆ ಒಣಗಿಸುವ ಹಗ್ಗದ ಮೇಲೆ ಆಮೇಲೆ ಓಣಿಯ ಎಲ್ಲ ಮನೆಗಳ ಹಳೇ ಸೀರೆ, ಧೋತರಗಳೂ ಸೇರಿದವು.

ಆದರೆ ಆಯಿಯ ಈ ಬಾಣಂತನದಲ್ಲಿ ಒಂದು ದೊಡ್ಡ ತಪ್ಪಿತ್ತು. ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಮೈ ಬಾಯುತ್ತದೆ, ನಂಜಾಗುತ್ತದೆ ಎಂಬುದು ನಮ್ಮ ಕಡೆಯ ಕಟ್ಟು. ಊಟದ ಜೊತೆ ಕಾಸಿ ಆರಿಸಿದ ಒಂದು ಸಣ್ಣ ಲೋಟ, ಅಷ್ಟೇ. ಅವ್ವನಿಗೂ ಅದೇ ಬೇಕಾಗಿತ್ತು. ಕುಡಿಯುವುದು ಕಡಿಮೆಯಾದಷ್ಟೂ ಸೋರುವುದು ಕಡಿಮೆಯಾದೀತೆಂದು ಅವಳು ಆ ಲೋಟದಲ್ಲೂ ಅರ್ಧ ಉಳಿಸುತ್ತಿದ್ದಳು. ಅತ್ತೆ ಸೊಸೆ ಯಾವತ್ತೂ ಅಷ್ಟು ಒಮ್ಮತದಿಂದ ಒಂದು ಕೆಲಸ ಮಾಡಿರಲಿಲ್ಲ, ಮಾಡಿದ್ದು ಅದೊಂದೇ ತಪ್ಪನ್ನು. ಸೋರುವುದು ಕಡಿಮೆಯಾಗಲಿಲ್ಲ, ವಾಸನೆ ಹೆಚ್ಚಿತು. ತೊಡೆಯ ಚರ್ಮ ಸುಟ್ಟಂತೆ ಕೆಂಪಾಯಿತು. ಎಳ್ಳ ಅಮಾಸಿಯ ಹೊತ್ತಿಗೆ ಒಂದು ಮಟಮಟ ಮಧ್ಯಾಹ್ನ ಅವ್ವ ಗಡಗಡ ನಡುಗತೊಡಗಿದಳು. ಮೈ ಕೆಂಡವಾಗಿತ್ತು. ನನ್ನನ್ನೇ ಗುರುತು ಹಿಡಿಯಲಿಲ್ಲ. ಅವ್ವ ಸತ್ತುಹೋಗುತ್ತಾಳೆಂದು ನನಗೆ ಮೊದಲ ಸಲ ಹೆದರಿಕೆಯಾಯಿತು. ಬಾಯಲ್ಲಿದ್ದ ಉಂಡಿಯನ್ನು ಉಗುಳಿ ಅವಳ ಸೆರಗು ಹಿಡಿದೆ.

ಅಪ್ಪ ಚಕ್ಕಡಿ ಹೂಡಿದ. ಯಲವಿಗಿ ಠೇಸನ್ನಿನಲ್ಲಿ ಹುಬ್ಬಳ್ಳಿಯ ಗಾಡಿ ಸಿಕ್ಕಿತು. ನಾನು ಅವ್ವನ ಸೆರಗು ಬಿಡದಿದ್ದರಿಂದ ನನ್ನನ್ನೂ ಹತ್ತಿಸಿಕೊಂಡರು. ಗಾಡಿಯಲ್ಲಿ ಒಬ್ಬ ಹೆಂಗಸು ಸರಿದು, "ಆರಾಮಿಲ್ಲೇನ್ರಿ? ಕುಂತ್ಕೋರಿ," ಎಂದು ಜಾಗ ಮಾಡಿಕೊಟ್ಟಳು. ಅಂಥ ಜ್ವರದಲ್ಲೂ ಅವ್ವ ತಲೆಯಾಡಿಸಿ ಕಂಬಿ ಹಿಡಿದು ನಿಂತಳು. ಹಲಗೆ ಹಸಿಯಾದರೆ ಎಂಬ ಅಂಜಿಕೆ ಅವಳಿಗೆ. ಆಯಿ ಹೊದೆಸಿ ತಂದಿದ್ದ ಕೌದಿಯನ್ನು ಡಬ್ಬಿಯ ನೆಲಕ್ಕೆ ಹಾಸಿ, ತಾನೇ ಮೊದಲು ಕುಂತು, ಅವ್ವನನ್ನು ಎಳೆದು ಮಡಿಲಲ್ಲಿ ಮಲಗಿಸಿಕೊಂಡಳು. ಹುಬ್ಬಳ್ಳಿಯಲ್ಲಿ ಇಳಿದಾಗ ಆಯಿಯ ಸೀರೆಯೂ ತೊಯ್ದಿತ್ತು.

ಡಾಕ್ಟರಬಾಯಿ ಅವ್ವನನ್ನು ಪರೀಕ್ಷೆ ಮಾಡಿ ಹೊರಗೆ ಬಂದು, ದಿನಕ್ಕೆ ಎಷ್ಟು ನೀರು ಕುಡಿಸುತ್ತೀರೆಂದು ಕೇಳಿದರು.

"ಬಾಣಂತಿಗೆ ಎಷ್ಟು ಕೊಡಬೇಕೋ ಅಷ್ಟ ಕೊಟ್ಟೇನ್ರಿ," ಎಂದಳು ಆಯಿ.

"ಬಾಣಂತಿ? ಕೂಸೆಲ್ಲೈತಿ?"

"ಅದನ್ನ ನೀವ ಇಟಗೊಂಡೀರಲ್ಲರಿ."

ಸಿಟ್ಟಿನಲ್ಲಿದ್ದ ಡಾಕ್ಟರಬಾಯಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸ್ಟೂಲು ಎಳೆದುಕೊಂಡು ಕುಂತು ಹೇಳಿದರು. ನೀರು ಕಡಿಮೆಯಾದರೆ ಮೂತ್ರ ಖಾರವಾಗುತ್ತದೆ, ಅದಕ್ಕೇ ಚರ್ಮ ಸುಡುತ್ತದೆ, ವಾಸನೆ ಬರುತ್ತದೆ, ಒಳಗೆ ಕೀವಾಗಿ ಜ್ವರ ಏರುತ್ತದೆ. ಹರಿಯುವುದು ಹರಿಯಲಿ, ಕೊಡಗಟ್ಟಲೆ ಕುಡಿಸಿರಿ, ಕೆಂಡ ತೆಗೆಯಿರಿ. ಆಯಿ ಬಾಯಿ ಮುಚ್ಚಿಕೊಂಡು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀರು ಸಣ್ಣಾದ ಕಾಲುವ್ಯಾಗ ಹೂಳು ಕೂಡತೈತಿ. ತೋಟದಾಗ ಹುಟ್ಟಿ ಬೆಳದಾಕಿ, ನನಗ ಇಷ್ಟು ತಿಳೀಲಿಲ್ಲಲ್ಲ," ಎಂದು ಹಣೆ ಬಡಿದುಕೊಂಡಳು. ಅವ್ವನ ಕಡೆ ತಿರುಗಿ, "ನೀಲವ್ವಾ, ನಾನ ನಿನ್ನ ಕೊಲ್ತಿದ್ನಲ್ಲ," ಎಂದಳು. ಆಯಿಯ ಕಣ್ಣಲ್ಲಿ ನೀರು ಬಂದದ್ದು ನೋಡಿ ನನಗೇ ಅಳು ಬಂತು.

ಸೂಜಿ ಔಷಧದಿಂದ ಜ್ವರ ಇಳಿಯಿತು. ಮನೆಗೆ ಬಂದ ಮೇಲೆ ಆಯಿ ಬಾಣಂತನವನ್ನೇನೂ ಬಿಡಲಿಲ್ಲ, ಅದರ ಕಟ್ಟು ಮಾತ್ರ ಬದಲಿಸಿದಳು. ಕೆಂಡ ಹೋಯಿತು. ಅಪ್ಪ ಹೊರಸಿನ ನೂಲನ್ನು ನಡುವೆ ಸಡಿಲಿಸಿ ಹೆಣೆದು, ಕೆಳಗೆ ಉಸುಕು ತುಂಬಿದ ಬುಟ್ಟಿ ಇಟ್ಟ. ದಿನಾ ಮುಂಜಾನೆ ಎಲೆಯ ಪೆಂಡಿ ಕಟ್ಟುವುದಕ್ಕೂ ಮೊದಲು ಹಳ್ಳದಿಂದ ಹೊಸ ಉಸುಕು ತಂದು ಹಾಕುತ್ತಿದ್ದ. ಹೆಂಡತಿಯ ಇಂಥ ಕೆಲಸವನ್ನು ಗಂಡಸರು ಮಾಡುತ್ತಿದ್ದ ಕಾಲವಲ್ಲ ಅದು. ಆಯಿ ಅವ್ವನ ತೊಡೆಗೆ ಬೆಣ್ಣೆ ಸವರುತ್ತಿದ್ದಳು. ಶಾಲೆಯಿಂದ ಬಂದ ಕೂಡಲೇ ತಂಬಿಗೆ ಹಿಡಿಯುವುದು ನನ್ನ ಕೆಲಸ. ಒಮ್ಮೆ ಹವೀಜದ, ಅಂದರೆ ಕೊತ್ತಂಬರಿ ಕಾಳಿನ ನೀರು, ಒಮ್ಮೆ ಜೀರಿಗೆಯದು, ಒಮ್ಮೆ ನೀರು ಮಜ್ಜಿಗೆ. ಅವ್ವ ಬೇಡವೆಂದರೆ ಪಡಸಾಲೆಯಿಂದಲೇ ಆಯಿಯ ಗದರಿಕೆ ಬರುತ್ತಿತ್ತು.

"ನಾನೂ ಒಂದ ಎಲಿತೋಟ ಆದೆ ನೋಡ, ಸರೂ. ಮುಂಜಾನೆ ನೀರು, ಸಂಜಿಗೆ ನೀರು," ಎಂದು ಅವ್ವ ನಗುತ್ತಿದ್ದಳು.

ನಾನು ಹೊರಸಿನ ಪಕ್ಕದಲ್ಲಿ ಕುಂತು ಆಣೆಕಲ್ಲು ಆಡುತ್ತಿದ್ದೆ, ಅವ್ವ ಮಲಗಿಕೊಂಡೇ ನನ್ನ ಮೋಸ ಹಿಡಿಯುತ್ತಿದ್ದಳು. ಮಾಬೂಬಿ ಸಂಜೆ ಬಂದು ಹೂ ಕಟ್ಟುತ್ತ ಕುಂತಿರುತ್ತಿದ್ದಳು. ಸೋರುವುದು ಇದ್ದೇ ಇತ್ತು. ಆದರೆ ಮನೆಯಲ್ಲಿ ಆ ಕೆಟ್ಟ ವಾಸನೆ ಇರಲಿಲ್ಲ, ಸುಡುವ ಉರಿ ಇರಲಿಲ್ಲ. ಹೇಳಿದರೆ ನಂಬಲಿಕ್ಕಿಲ್ಲ, ನನ್ನ ಬಾಲ್ಯದ ಅತಿ ಸುಖದ ದಿನಗಳು ಅವೇ. ಅದಕ್ಕೂ ಮೊದಲು, ಅದಾದ ಮೇಲೆ, ಅವ್ವ ಅಷ್ಟು ದಿನ ಒಂದೇ ಕಡೆ ನನಗೆ ಸಿಕ್ಕಿದ್ದಿಲ್ಲ.

ಶಿವರಾತ್ರಿ ಕಳೆದ ಮೇಲೆ ತೂತು ಹೊಲಿದರು. ಹೊಲಿಗೆ ಕೂಡುವ ತನಕ ಅವ್ವನಿಗೆ ನಳಿಕೆ ಹಾಕಿದ್ದರು. ಒಡೆದ ಬದುವಿನ ಮಣ್ಣು ಗಟ್ಟಿಯಾಗುವ ತನಕ ನೀರನ್ನು ಬೇರೆ ಕಡೆ ತಿರುಗಿಸುವುದಿಲ್ಲವೇ, ಹಾಗೆ ಎಂದು ಆಯಿ ವಾರ್ಡಿನ ಹೆಂಗಸರಿಗೆಲ್ಲ ಪಾಠ ಹೇಳಿದಳಂತೆ. ಹೋಳಿ ಮುಗಿದ ಮೇಲೆ ಅವ್ವ ಮನೆಗೆ ಬಂದಳು. ಸೋರುವುದು ನಿಂತಿತ್ತು. ಆದರೂ ಅವಳು ಕುಂತಲ್ಲಿಂದ ಏಳುವಾಗಲೆಲ್ಲ ಹಿಂದೆ ತಿರುಗಿ ನೋಡುತ್ತಿದ್ದಳು. ನಾಲ್ಕು ಮಂದಿಯ ನಡುವೆ ಹೋಗುವ ಧೈರ್ಯ ಇನ್ನೂ ಬಂದಿರಲಿಲ್ಲ.

ಬಾಣಂತನ ಮುಗಿಯುವುದು ಬಾವಿ ಪೂಜೆಯಿಂದ. ಯುಗಾದಿಗೆ ಮುಂಚೆ ಆಯಿ ಓಣಿಯ ಹೆಂಗಸರನ್ನೆಲ್ಲ ಕರೆದಳು. ಅವ್ವ ಬರಲೊಲ್ಲೆ ಎಂದರೂ ಬಿಡಲಿಲ್ಲ. ಹಿತ್ತಲ ಬಾವಿಗೆ ಅರಿಷಿಣ ಕುಂಕುಮ ಏರಿಸಿ, ಕಟ್ಟೆಯ ಪಕ್ಕದಲ್ಲಿ ಮಣೆ ಹಾಕಿ ಅವ್ವನನ್ನು ಕೂಡಿಸಿದರು. ಉಡಿ ತುಂಬುವ ಹೊತ್ತಿಗೆ ಗೌರಕ್ಕ ತಡೆದಳು.

"ಅಲ್ಲಬೇ, ಗರ್ಭಚೀಲಾನ ಇಲ್ಲದಾಕಿಗೆ ಉಡಿ ತುಂಬತಾರೇನು?"

ಅವ್ವ ತಲೆ ತಗ್ಗಿಸಿದಳು. ಆಯಿ ಅಕ್ಕಿಯ ಮೊರವನ್ನು ಎತ್ತಿಕೊಂಡಳು.

"ಉಡಿ ಸೆರಗಿನಾಗ ಇರತೈತಿ ಗೌರವ್ವಾ, ಹೊಟ್ಟ್ಯಾಗ ಅಲ್ಲ. ನೀಲವ್ವಾ, ಸೆರಗು ಹಿಡಿ."

ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ನಮ್ಮ ತೋಟದ ಎಲೆ. ಅವ್ವನ ಸೆರಗು ತುಂಬಿ ಜಗ್ಗಿತು. ಬಾವಿಯಿಂದ ಸೇದಿದ ಮೊದಲ ತಂಬಿಗೆಯನ್ನು ಆಯಿ ಅವ್ವನ ಬಾಯಿಗೇ ಹಿಡಿದಳು. ಅವ್ವ ಅದನ್ನು ಒಂದು ಹನಿ ಬಿಡದೆ ಕುಡಿದು, ಮೆಲ್ಲಗೆ ಎದ್ದಳು. ಅವಳು ಹಿಂದೆ ತಿರುಗುವುದಕ್ಕೂ ಮೊದಲೇ ಆಯಿ ಬಗ್ಗಿ, ಎಲ್ಲರೂ ನೋಡುವ ಹಾಗೆ, ಮಣೆಯ ಮೇಲೆ ಅಂಗೈ ಆಡಿಸಿದಳು. ಈ ತುದಿಯಿಂದ ಆ ತುದಿಯ ತನಕ ಆಡಿಸಿ, ಕೈ ಮೇಲೆತ್ತಿ ತೋರಿಸಿದಳು.

"ಒಣಾ ಐತಿ," ಎಂದಳು.

ಆ ಬೇಸಿಗೆಯಲ್ಲಿ ಅವ್ವನೂ ಮಾಬೂಬಿಯೂ ಮತ್ತೆ ಶಾವಿಗೆ ಹೊಸೆದರು. ಗೌರಕ್ಕನ ಮನೆಯದನ್ನೂ ಹೊಸೆದುಕೊಟ್ಟರು.

ಈಗ ಆಯಿ ಇಲ್ಲ, ಅವ್ವ ಇಲ್ಲ. ಬಾವಿಯ ಮೇಲೆ ಕಬ್ಬಿಣದ ಜಾಳಿಗೆ ಬಂದಿದೆ. ಕೆಲವು ವರ್ಷಗಳ ಹಿಂದೆ ನನಗೂ ಅದೇ ಆಪರೇಶನ್ ಆಯಿತು. ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ಗರ್ಭಚೀಲ ತೆಗೆದರು, ಬೇಗ ಮನೆಗೆ ಕಳಿಸಿದರು, ಯಾವ ತೊಂದರೆಯೂ ಆಗಲಿಲ್ಲ. ಅವ್ವ ಪಟ್ಟ ಕಷ್ಟ ಯಾರಿಗೂ ಬಾರದಿರಲಿ, ಆ ಕಾಲವೇ ಚೆನ್ನಾಗಿತ್ತೆಂದು ನಾನು ಅನ್ನಲಾರೆ. ನಮ್ಮವರೆಲ್ಲ ಫೋನು ಮಾಡಿ ಆರಾಮೇ ಎಂದು ಕೇಳಿದರು. ಆರಾಮ ಎಂದೆ. ಆರಾಮವಾಗಿಯೇ ಇದ್ದೆ. ಆದರೆ ನನ್ನನ್ನು ಬಾಣಂತಿಯೆಂದು ಯಾರೂ ಅನ್ನಲಿಲ್ಲ, ಮನೆಯಲ್ಲಿ ಅಂಟು ಅರಳಿದ ವಾಸನೆ ಬರಲಿಲ್ಲ.

ಮನೆಗೆ ಬಂದ ದಿನ ಅಂಗಳದ ಪ್ಲಾಸ್ಟಿಕ್ ಖುರ್ಚಿಯ ಮೇಲೆ ಒಂದಿಷ್ಟು ಹೊತ್ತು ಕುಂತು ಎದ್ದೆ. ಎದ್ದವಳು ಯಾಕೋ ಹಿಂದೆ ತಿರುಗಿ ನೋಡಿದೆ. ಬಗ್ಗಿ, ಖುರ್ಚಿಯ ಮೇಲೆ ನನ್ನದೇ ಅಂಗೈ ಆಡಿಸಿದೆ. "ಒಣಾ ಐತಿ," ಎಂದೆ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.