ಬೀರುವಿನಲ್ಲಿದ್ದ ಸರ್ಟಿಫಿಕೇಟು

“ಅವಳು ನರ್ಸಲ್ಲ ಕಣಯ್ಯಾ, ಎಎನ್‌ಎಂ.”

ನಮ್ಮ ನರ್ಸಿಂಗ್ ಹೋಮಿನ ಮ್ಯಾನೇಜರ್ ವಸಿಷ್ಠ ಈ ಮಾತು ಅಂದು ಎರಡು ವರ್ಷವಾಯಿತು. ಬೆಂಚಿನ ಮೇಲೆ ರೋಗಿಗಳು ಕೂತಿದ್ದರು, ಅವರ ಎದುರಿಗೇ ಅಂದ. ನಾನು ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಇವತ್ತಿಗೂ ಅವನು ಗುಡ್ ಮಾರ್ನಿಂಗ್ ಅಂದರೆ ನಾನು ಗಾಡಿಯ ಟೈರು ನೋಡುತ್ತೇನೆ.

ನಾನು ವಿಷ್ಣು. ಕತ್ರಿಗುಪ್ಪೆಯ ಆ ನರ್ಸಿಂಗ್ ಹೋಮಿನಲ್ಲಿ ಆಂಬುಲೆನ್ಸ್ ಓಡಿಸುತ್ತೇನೆ. ಓದಿದ್ದು ಏಳನೇ ಕ್ಲಾಸು. ಅವನು ಹಾಗಂದದ್ದು ಭಾಗ್ಯಜ್ಯೋತಿಯ ಬಗ್ಗೆ. ಬಾಗಲಕೋಟೆ ಕಡೆಯ ಹೆಣ್ಣುಮಗಳು. ಪಿಯುಸಿ ಆದ ಮೇಲೆ ಎರಡು ವರ್ಷದ ಎಎನ್‌ಎಂ ಕೋರ್ಸು ಮುಗಿಸಿ ಬಂದವಳು. ಬಿಟಿಎಂನಲ್ಲಿ ಅವರ ಕಡೆಯ ಇನ್ನಿಬ್ಬರ ಜೊತೆ ಒಂದು ರೂಮು. ಅಲ್ಲಿಂದ ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಹಾಗೆ ಒಂಬತ್ತು ವರ್ಷ.

ಎಎನ್‌ಎಂ ಅಂದರೆ ಎರಡು ವರ್ಷದ ಓದು, ಜಿಎನ್‌ಎಂ ಅಂದರೆ ಮೂರು. ಜಿಎನ್‌ಎಂ ಮಾಡಿದವರು ಸ್ಟಾಫ್ ನರ್ಸು. ವ್ಯತ್ಯಾಸ ಒಂದು ವರ್ಷ. ನಮ್ಮಲ್ಲಿ ಸಂಬಳದ ವ್ಯತ್ಯಾಸ ಎಂಟು ಸಾವಿರ. ಜ್ಯೋತಿಗೆ ಒಂಬತ್ತು ವರ್ಷ ದುಡಿದ ಮೇಲೂ ತಿಂಗಳಿಗೆ ಹದಿನಾಲ್ಕು ಸಾವಿರ, ನಿನ್ನೆ ಮೊನ್ನೆ ಬಂದ ಸುರಭಿಗೆ ಇಪ್ಪತ್ತೆರಡು. ಸುರಭಿ ಕೆಟ್ಟವಳಲ್ಲ. ಬಂದ ಹೊಸದರಲ್ಲಿ ಒಬ್ಬ ತಾತನ ಕೈಗೆ ಮೂರು ಸಲ ಸೂಜಿ ಚುಚ್ಚಿ, ರಕ್ತನಾಳ ಸಿಗದೆ ಅಳುವಂತಾಗಿ ನಿಂತಿದ್ದಳು.

“ಜ್ಯೋತಕ್ಕ, ನಂಗಾಗ್ತಿಲ್ಲ, ಪ್ಲೀಸ್ ಬನ್ನಿ.”

“ಅಳಬ್ಯಾಡ ತಂಗಿ. ಮೊದಲ ಅಜ್ಜನ ಕೈ ಕೆಳಗ ಬಿಡು, ಬಿಸಿನೀರಿನ ಬಟ್ಟಿ ಇಡು. ಅಜ್ಜಾರ, ನಿಮ್ಮ ಲಗ್ನದ ಸುದ್ದಿ ಹೇಳ್ರಿ ನೋಡೂಣು.”

ತಾತ ಲಗ್ನದ ಸುದ್ದಿ ತೆಗೆಯುವಷ್ಟರಲ್ಲಿ ಸೂಜಿ ಕೂತಿತ್ತು. ರೋಗಿಗಳು ಇಬ್ಬರನ್ನೂ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ವಸಿಷ್ಠ ಮಾತ್ರ ಸುರಭಿಗೆ ಸಿಸ್ಟರ್ ಅಂತ, ಇವಳಿಗೆ ಜ್ಯೋತಿ ಅಂತ. ತಪಾಸಣೆಯವರು ಬರುವ ದಿನ ಇವಳಿಗೆ ರಜೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಲೆಕ್ಕಕ್ಕೆ ಸ್ಟಾಫ್ ನರ್ಸುಗಳೇ ಕಾಣಬೇಕಲ್ಲ.

“ನೀನೂ ಜಿಎನ್‌ಎಂ ಮಾಡ್ಕೊಂಬಿಡಮ್ಮ” ಎಂದು ಒಮ್ಮೆ ಅಂದಿದ್ದೆ.

“ಮತ್ತ ಮೂರು ವರ್ಷ ಕುಂತು ಓದಬೇಕ್ರಿ ಅಣ್ಣಾರ. ಅಲ್ಲೀತನಕ ನಮ್ಮವ್ವ ಏನ್ ತಿನ್ನಬೇಕು?” ಅಂದಳು. ಅವಳ ತಾಯಿ ರೇಣವ್ವ ಊರಲ್ಲಿ ಒಬ್ಬಳೇ ಇದ್ದಳು.

ನನ್ನ ತಾಯಿ ಸಪ್ಪಲಮ್ಮನಿಗೆ ಸಕ್ಕರೆ ಕಾಯಿಲೆ. ಆ ವರ್ಷ ಅಂಗಾಲಿನಲ್ಲಿ ಗಾಯವಾಗಿ ಕೊಳೆಯತೊಡಗಿತು. ಡಾಕ್ಟರು ದಿನಾ ಡ್ರೆಸ್ಸಿಂಗ್ ಆಗಬೇಕು, ಇಲ್ಲದಿದ್ದರೆ ಕಾಲು ಹೋಗುತ್ತದೆ ಅಂದರು. ಜ್ಯೋತಿ ಡ್ಯೂಟಿ ಮುಗಿಸಿ ದಿನಾ ಸಂಜೆ ನಮ್ಮ ಹೊಸಕೆರೆಹಳ್ಳಿ ಮನೆಗೆ ನಡೆದು ಬರುತ್ತಿದ್ದಳು. ನೆಲದ ಮೇಲೆ ಕೂತು, ಅಮ್ಮನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆಯುತ್ತಿದ್ದಳು. ಆ ವಾಸನೆಗೆ ನಾನೇ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಕಾಲು ಉಳಿಯಿತು.

ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ನಿನ್ನ ಋಣ ಹೆಂಗಮ್ಮ ತೀರಿಸ್ಲಿ?” ಅಂದೆ.

“ನನಗ ಸರಕಾರಿ ದವಾಖಾನ್ಯಾಗ ಕೆಲಸ ಸಿಕ್ಕರ, ಸೇರೂ ದಿನ ನಿಮ್ಮ ಗಾಡ್ಯಾಗ ಮುಂದಿನ ಸೀಟಿನ್ಯಾಗ ಕುಂಡ್ರಿಸಿ ಬಿಟ್ಟು ಬರ್ರಿ. ಅಷ್ಟ ಸಾಕು.”

“ಸೈರನ್ ಹಾಕ್ಕೊಂಡು ಹೋಗೋಣ ಬಿಡು” ಅಂದೆ. ಅಮ್ಮ ನಕ್ಕಳು.

ಆ ಕೆಲಸ ಬಂದೇಬಿಟ್ಟಿತು. ಪುಟ್ಟೇನಹಳ್ಳಿಯ ಕೆರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಎಎನ್‌ಎಂ ಬೇಕು ಅಂತ ಕರೆದಿದ್ದರು. ಅಲ್ಲಿ ಎಎನ್‌ಎಂ ಅನ್ನುವುದೇ ಹುದ್ದೆ, ಯಾರ ಕೆಳಗೂ ಅಲ್ಲ. ಗುತ್ತಿಗೆ ಕೆಲಸವೇ, ಆದರೂ ಸಂಬಳ ಹೆಚ್ಚು, ನೈಟ್ ಡ್ಯೂಟಿ ಇಲ್ಲ. ಪಟ್ಟಿಯಲ್ಲಿ ಇವಳದೇ ಮೊದಲ ಹೆಸರು. ಗುರುವಾರ ಸಂಜೆ ಐದರೊಳಗೆ ಜಯನಗರದ ಕಚೇರಿಯಲ್ಲಿ ಒರಿಜಿನಲ್ ಸರ್ಟಿಫಿಕೇಟು ತೋರಿಸಬೇಕು. ಜೆರಾಕ್ಸ್ ನಡೆಯುವುದಿಲ್ಲ.

ಒರಿಜಿನಲ್ ಅವಳ ಕೈಯಲ್ಲಿರಲಿಲ್ಲ. ನಮ್ಮಲ್ಲಿ ನರ್ಸುಗಳು ಕೆಲಸಕ್ಕೆ ಸೇರುವ ದಿನವೇ ಒರಿಜಿನಲ್ ಇಸಿದುಕೊಂಡು ಮ್ಯಾನೇಜರ್ ರೂಮಿನ ಬೀರುವಿನಲ್ಲಿಡುತ್ತಾರೆ, ಹೇಳದೆ ಕೇಳದೆ ಬಿಟ್ಟು ಹೋಗಬಾರದು ಅಂತ. ಬಿಡಬೇಕಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು.

ಗುರುವಾರ ಹನ್ನೆರಡೂವರೆಗೆ ನಾನು ಒಂದು ಕೇಸು ಇಳಿಸಿ ಬಂದು ನೋಡಿದರೆ ಜ್ಯೋತಿ ಇನ್ನೂ ಇಂಜೆಕ್ಷನ್ ಟ್ರೇ ಹಿಡಿದುಕೊಂಡು ಓಡಾಡುತ್ತಿದ್ದಾಳೆ.

“ಯಾಕಮ್ಮ ಇನ್ನೂ ಇಲ್ಲೇ ಇದೀಯಾ? ಕೊಟ್ಟಿಲ್ವಾ?”

“ಕೊಡ್ತಾರ್ರಿ. ನೀವು ಹೋಗ್ರಿ ಹೊರಗ.”

ನನ್ನ ತಲೆ ಕೆಟ್ಟಿತು. ಸೀದಾ ವಸಿಷ್ಠನ ಟೇಬಲ್ಲಿಗೆ ಹೋಗಿ ಕೈ ಬಡಿದೆ.

“ರೀ, ಅವಳ ಸರ್ಟಿಫಿಕೇಟು ಕೊಡ್ರೀ! ಯಾರಪ್ಪನ್ ಮನೆ ಆಸ್ತಿ ಅಂತ ಬೀಗ ಹಾಕ್ಕೊಂಡು ಕೂತಿದೀರಾ?”

“ವಿಷ್ಣು, ಮೆತ್ತಗೆ ಮಾತಾಡು.” ಅವನು ಬಾಗಿಲ ಕಡೆ ನೋಡಿದ.

“ಮೆತ್ತಗೇನ್ರೀ? ಒಂದು ನರ್ಸ್ ಹೊಟ್ಟೆ ಮೇಲೆ ಹೊಡೀತೀರಲ್ರೀ!”

ಗಲಾಟೆಗೆ ದೊಡ್ಡ ಡಾಕ್ಟರು, ಅಂದರೆ ಮಾಲೀಕರು, ರೂಮಿನಿಂದ ಹೊರಗೆ ಬಂದರು. ವಸಿಷ್ಠ ಎದ್ದು ನಿಂತ. ಆಗ ಅಂದ ಆ ಮಾತು, ಅವಳು ನರ್ಸಲ್ಲ ಕಣಯ್ಯಾ, ಎಎನ್‌ಎಂ ಅಂತ. ಡಾಕ್ಟರು ಏನು ವಿಷಯ ಅಂತ ಕೇಳಿ ತಿಳಿದುಕೊಂಡರು. “ಮೂರು ತಿಂಗಳು ನೋಟಿಸ್ ಕೊಡೋಕೆ ಹೇಳಿ” ಅಂದರು. ಬೀರುವಿನ ಕೀ ತಮ್ಮ ಜೇಬಿಗೆ ಹಾಕಿಕೊಂಡು ಆಪರೇಷನ್ನಿಗೆ ಹೋದರು. ಈಚೆ ಬಂದಾಗ ಆರು ಗಂಟೆ.

ಜ್ಯೋತಿ ಟ್ರೇ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಆಮೇಲೆ ಮೂರನೇ ಬೆಡ್ಡಿನವರಿಗೆ ಇಂಜೆಕ್ಷನ್ ಕೊಡಲು ಹೋದಳು.

ಆವತ್ತು ಸಂಜೆಯೂ ಮನೆಗೆ ಬಂದಳು. ಗಾಯ ಹೆಚ್ಚು ಕಡಿಮೆ ಒಣಗಿತ್ತು, ಆದರೂ ಬಂದಳು. ಹಳೇ ಪಟ್ಟಿ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿ ಸುತ್ತುತ್ತಾ ತಲೆ ಎತ್ತದೆ ಹೇಳಿದಳು.

“ವಸಿಷ್ಠ ಸರ್ ಊಟದ ಹೊತ್ತಿಗೆ ಕೊಡಾವ್ರಿದ್ರು ಅಣ್ಣಾರ. ಡಾಕ್ಟರಿಗೆ ಗೊತ್ತಾಗಬಾರ್ದು, ಸಂಜೀಕ ವಾಪಸ್ ತಂದಿಡು ಅಂದಿದ್ರು.”

“ಮತ್ತೆ ನಂಗ್ಯಾಕಮ್ಮ ಹೇಳ್ಲಿಲ್ಲ?”

“ನೀವು ಜೋರ್ ಮಾತಾಡ್ತೀರಿ.”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಪಟ್ಟಿಗೆ ಟೇಪು ಹಚ್ಚಿ, ಕೈ ತೊಳೆದು, ಅಮ್ಮ ಕೊಟ್ಟ ಕಾಫಿ ಕುಡಿದು ಹೋದಳು. ನಾನು ಗೋಡೆಗೆ ಒರಗಿ ಕೂತಿದ್ದೆ. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹಾಗೇ ಕೂತಿದ್ದೆ.

ಕೆಲಸ ಪಟ್ಟಿಯ ಎರಡನೇ ಹೆಸರಿಗೆ ಹೋಯಿತು. ಜ್ಯೋತಿ ಮೂರು ತಿಂಗಳ ನೋಟಿಸ್ ಮುಗಿಸಿ, ಒರಿಜಿನಲ್ ಇಸಿದುಕೊಂಡು ಬಿಟ್ಟಳು. ಈಗ ಅರೆಕೆರೆಯ ಒಂದು ಮನೆಯಲ್ಲಿ ಮಲಗಿದ್ದಲ್ಲೇ ಇರುವ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ದಿನಕ್ಕೆ ಹನ್ನೆರಡು ಗಂಟೆ. ಏಜೆನ್ಸಿಯವರು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ.

ಅಮ್ಮ ಹೋದ ವರ್ಷ ತೀರಿಕೊಂಡಳು. ಎರಡು ಕಾಲೂ ಇತ್ತು.

ಮೊನ್ನೆ ಬೆಳಗ್ಗೆ ಬನಶಂಕರಿ ಬಸ್ ಸ್ಟಾಂಡಿನ ಮುಂದೆ ಜ್ಯೋತಿ ನಿಂತಿದ್ದಳು. ಗಾಡಿ ಖಾಲಿ ಇತ್ತು. ನಿಲ್ಲಿಸಿ ಮುಂದಿನ ಬಾಗಿಲು ತೆಗೆದೆ.

“ಬಾಮ್ಮ, ಅರೆಕೆರೆ ತನಕ ಬಿಡ್ತೀನಿ. ಕೂತ್ಕೋ.”

ಅವಳು ಸೀಟು ನೋಡಿದಳು, ನನ್ನನ್ನು ನೋಡಿದಳು.

“ಬ್ಯಾಡ್ರಿ ಅಣ್ಣಾರ. ಅದು ಪುಟ್ಟೇನಹಳ್ಳಿಗಂತ ಹೇಳಿದ್ದು.” ಮುಖದಲ್ಲಿ ಕೋಪವೇನೂ ಇರಲಿಲ್ಲ. “ನಮ್ಮ ಬಸ್ ಬಂತು, ಬರ್ತೀನ್ರಿ.”

ಬಸ್ಸು ಹೋಯಿತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಇಳಿದು ಆ ಕಡೆ ಹೋಗಿ ಬಾಗಿಲು ಹಾಕಿ ಬಂದೆ.