ಸಣ್ಣದು ಮುಂದ, ದೊಡ್ಡದು ಹಿಂದ

ನಮ್ಮ ಕಂಪ್ಯೂಟರ್ ಸರ್ ಅವರ ತುಟಿ ಸದಾ ಸೀಮೆಸುಣ್ಣದಿಂದ ಬೆಳ್ಳಗಿರುತ್ತಿತ್ತು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎಡಗೈ ಸೊರಗಿತ್ತು. ಬಲಗೈಯಲ್ಲಿ ಡಸ್ಟರ್ ಹಿಡಿಯಬೇಕಾದರೆ ಸೀಮೆಸುಣ್ಣವನ್ನು ಹಲ್ಲಲ್ಲಿ ಕಚ್ಚಿಕೊಳ್ಳುವರು. ಯಾರಾದರೂ ಸಹಾಯಕ್ಕೆ ಎದ್ದರೆ, "ಕೂಡ್ರಿ, ನಾ ಏನ್ ಕರದೀನೇನು?" ಎಂದು ಗದರುವರು.

ಅದು ತೊಂಬತ್ತರ ದಶಕದ ಕೊನೆ. ನಾನು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಬರುತ್ತಿದ್ದೆ. ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ ನನ್ನ ಜೀವ ಹಿಂಡಿತ್ತು. ಪ್ರಾಕ್ಟಿಕಲ್ಲಿನಲ್ಲಿ ಒಮ್ಮೆ ನಪಾಸೂ ಆಗಿದ್ದೆ. "ಈ ಸಲಾನೂ ಫೇಲಾದಿ ಅಂದ್ರ ಕಾಲೇಜ್ ಬಿಡಸ್ತೀನಿ, ನೋಡು" ಎಂದಿದ್ದ ಅಪ್ಪ. ಅಪ್ಪ ಆಡಿದ್ದೆಂದರೆ ಮುಗಿಯಿತು.

ಓದಿನಿಂದ ಆಗದ್ದು ಹಣ್ಣಿನಿಂದಾದರೂ ಆದೀತೆಂದು ನಮ್ಮ ತೋಟದ ಆರು ಕೆಂಪು ಬಾಳೆಹಣ್ಣು ಹಿಡಿದು ಲ್ಯಾಬಿಗೆ ಹೋದೆ. ಎಂಥ ಹುಚ್ಚಿ ನಾನು!

"ಏನವಾ, ಲಂಚ ತಂದೀ?"

ನಾಚಿ ಸತ್ತೆ. ಸರ್ ನಗುತ್ತಲೇ ನನ್ನ ಪ್ರೋಗ್ರಾಂ ಓಡಿಸಿದರು. ಪರದೆಯ ಮೇಲೆ ಸಾಲಾಗಿ ಒಂದೇ ಸಂಖ್ಯೆ! ಎರಡು ಸಂಖ್ಯೆಗಳ ಜಾಗ ಬದಲಿಸುವಾಗ ಒಂದರ ಮೇಲೆ ಇನ್ನೊಂದನ್ನು ಬರೆದು, ಮೊದಲಿದ್ದುದನ್ನು ಅಳಿಸಿಬಿಟ್ಟಿದ್ದೆ.

"ಉಳಿದಾವೆಲ್ಲಾ ಯಾರ್ ತಿಂದ್ರು? ನೀನಾ?"

ಹಣ್ಣುಗಳನ್ನು ಮೇಜಿನ ಮೇಲೆ ಅಡ್ಡಾದಿಡ್ಡಿ ಸಾಲಿಟ್ಟರು. "ಒಂದ್ ಕೈ ಬೆನ್ನ ಹಿಂದ ಇಟ್ಕೋ. ಬಾಜೂಬಾಜೂಕ ಇರೋ ಎರಡ ಹಣ್ಣ ನೋಡು. ಸಣ್ಣದು ಮುಂದ, ದೊಡ್ಡದು ಹಿಂದ. ಒಂದ್ ಜಾಗಾದಾಗ ಒಂದೇ ಹಣ್ಣು. ಕಂಪ್ಯೂಟರಿಗೂ ನನ್ನಂಗ ಒಂದೇ ಕೈ ಅದ."

ಒಂದು ಹಣ್ಣು ಎತ್ತಿದೆ. ಇನ್ನೊಂದನ್ನು ಎತ್ತಲು ಕೈಯೇ ಇಲ್ಲ! ಕೊನೆಗೆ ಕೈಯಲ್ಲಿದ್ದುದನ್ನು ಮಡಿಲಿಗೆ ಹಾಕಿಕೊಂಡೆ. ಪಕ್ಕದ್ದನ್ನು ಅದರ ಜಾಗಕ್ಕೆ ಸರಿಸಿದೆ. ಮಡಿಲಲ್ಲಿದ್ದುದನ್ನು ಖಾಲಿಯಾದಲ್ಲಿ ಇಟ್ಟೆ.

"ಶಹಬ್ಬಾಸ್! ಆ ಉಡಿ ಅದಲಾ, ಅಂಥಾ ಮೂರನೇ ಜಾಗಾನೇ ನೀ ಪ್ರೋಗ್ರಾಂದಾಗ ಬರೀಲಿಲ್ಲ ನೋಡು" ಎಂದರು ಸರ್.

ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಹಣ್ಣು ತುದಿಗೆ ಹೋಗಿ ಕೂತಿತ್ತು. ಮತ್ತೆ ಮೊದಲಿಂದ, ಮತ್ತೊಂದು ಸುತ್ತು. ಕೊನೆಗೆ ಆರೂ ಸಾಲಾದವು. ಅಂದೇ ಪ್ರೋಗ್ರಾಂ ತಿದ್ದಿದೆ. ಸಂಖ್ಯೆಗಳು ಸರಿಯಾಗಿ ನಿಂತಾಗ ಲ್ಯಾಬಿನಲ್ಲೇ ಕಿರುಚಿಬಿಟ್ಟೆ. ಸರ್ ಒಂದು ಹಣ್ಣು ಸುಲಿದು, "ಇದು ಲಂಚಲ್ಲ ಮತ್ತ, ಹಸಿವಿ ಆಗ್ಯಾದ" ಎಂದರು.

ಪರೀಕ್ಷೆ ಮುಗಿದು ರಜೆ ಬಿತ್ತು. ಫಲಿತಾಂಶ ಬಂದ ದಿನ ಅಂಕಪಟ್ಟಿ ಹಿಡಿದು ಶಹಾಬಜಾರದಲ್ಲಿದ್ದ ಸರ್ ಮನೆಗೆ ಓಡಿದೆ. ಬಾಗಿಲು ತೆಗೆದದ್ದು ಅವರ ಹೆಂಡತಿ. ಸರ್ ತೀರಿಕೊಂಡು ಹದಿನೈದು ದಿನವಾಗಿತ್ತಂತೆ. ಊರಲ್ಲಿದ್ದ ನನಗೆ ಯಾರೂ ಹೇಳಿರಲಿಲ್ಲ.

"ನೀ ಕಮಲಾಪುರದಾಕಿ ಏನವಾ? ದವಾಖಾನ್ಯಾಗ ಮಲಗಿದಾಗೂ ಕೇಳ್ತಿದ್ರು, ಆ ಹುಡುಗಿ ರಿಸಲ್ಟ್ ಬಂತೇನು ಅಂತ."

ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ. ಆಕೆ ನನ್ನ ಕೈಯಿಂದ ಅಂಕಪಟ್ಟಿ ತೆಗೆದುಕೊಂಡು ಓದಿದರು. ಒಳಗೆ ಹೋಗಿ, ಅವರ ಫೋಟೋದ ಮುಂದೆ ನಿಂತು ಗಟ್ಟಿಯಾಗಿ ಹೇಳಿದರು:

"ಕೇಳಿದ್ರೇನ್ರಿ? ಪಾಸಾಗ್ಯಾಳ."