ಹೊಗೆಕೊಳವೆ ಜಯಕರಣ್ಣ

ಶಂಕರಿಯಕ್ಕ ಫೋರ್ಟ್ ಕೊಚ್ಚಿಯ ವಠಾರಕ್ಕೆ ಬಂದ ದಿನವೇ ನೆರೆಮನೆಯ ಜಯಕರಣ್ಣ ಅವರ ನೀರುದೋಸೆ ಏಳು ತಿಂದು, "ಇದಕ್ಕೆ ನಾಲ್ಕು ಹೊಗೆಕೊಳವೆಯ ಹಡಗಿನ ದರ್ಜೆ ಉಂಟು!" ಎಂದಿದ್ದರು. ಕಾಸರಗೋಡಿನ ಈ ನಿವೃತ್ತ ಗುಮಾಸ್ತರಿಗೆ ಸಾಲು ಹೊಗೆಕೊಳವೆಗಳ ಹಳೆಯ ಪ್ರಯಾಣಿಕ ಹಡಗುಗಳೆಂದರೆ ಅರಮನೆ, ಒಂದೇ ಕೊಳವೆಯ ಹೊಸವು ತೇಲುವ ಸೋಪಿನ ಪೆಟ್ಟಿಗೆ. ಸಪ್ಪೆ ಸಾರು, ಗಿಡ್ಡ ಮದುಮಗ, ಕೆಟ್ಟು ನಿಂತ ಬಸ್ಸು, ಎಲ್ಲವೂ ಅವರ ಬಾಯಲ್ಲಿ "ಒಂದೇ ಕೊಳವೆಯದ್ದು". ಮೂವತ್ತು ವರ್ಷ ಬಂದರಿನಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದವರು ಒಂದು ಹಡಗನ್ನೂ ಹತ್ತಿದವರಲ್ಲ. ನೀರೆಂದರೆ ಅಷ್ಟು ಹೆದರಿಕೆ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಅವರ ಮೆಚ್ಚಿನ ಹಳೆಯ ಹಡಗು ಗುಜರಿಗೆ ಹೋಗುವ ದಾರಿಯಲ್ಲಿ ಒಂದು ದಿನ ಹೊರಗಡಲಲ್ಲಿ ನಿಂತಿತು. ನೋಡಬೇಕಾದರೆ ದೋಣಿಯಲ್ಲೇ ಹೋಗಬೇಕು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಜಯಕರಣ್ಣ ಬಾಗಿಲಲ್ಲೇ ನಿಂತು, ಮೆಲ್ಲನೆ ಕೇಳಿದರು: "ಶಂಕರಿಯಕ್ಕ, ದೋಣಿಯಲ್ಲಿ ನನ್ನ ಕೈ ಹಿಡ್ಕೊಳ್ತೀರಾ?"